ನೀರು ಕಂಡರಾಗದ ಪುಡಿ

ನಮ್ಮ ಮನೆಯ ಮುಂಭಾಗದ ನಾಲ್ಕು ಕೋಣೆಗಳು ಹೋಮ್‌ಸ್ಟೇ ಆದದ್ದು ನನ್ನ ಓರಗಿತ್ತಿಯ ಹಟದಿಂದ. ಮೈದುನನ ಹೆಂಡತಿ ಅವಳು, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅವಳ ತಲೆಗೆ ಒಂದು ವಿಷಯ ಹೊಕ್ಕಿತೆಂದರೆ ಉಳಿದವರು ಮಾಡಬೇಕಾದ್ದು ಇಷ್ಟೇ: ಮೊದಲು ಬೇಡ ಎನ್ನುವುದು, ಆಮೇಲೆ ಏಣಿ ಹಿಡಿದುಕೊಳ್ಳುವುದು. ಮಾರನಹಳ್ಳಿ ಹತ್ತಿರ ಹೆದ್ದಾರಿ ಬಿಟ್ಟು ಎರಡು ಕಿಲೋಮೀಟರು ಒಳಗೆ ಬಂದರೆ ಸಿಗುವ ನಮ್ಮ ತೋಟಕ್ಕೆ ಪೇಟೆಯ ಜನ ಮೌನ ಹುಡುಕಿಕೊಂಡು ಬರುತ್ತಾರೆ. ಬಂದವರಿಗೆ ಘಾಟಿ ಹತ್ತುವ ಲಾರಿಗಳ ಏದುಸಿರು ದೂರದಿಂದ ಕೇಳಿಸುತ್ತಲೇ ಇರುತ್ತದೆ. "ಅದು ಜಲಪಾತದ ಸದ್ದಾ?" ಎಂದು ಕೇಳಿದವರಿಗೆ ನನ್ನ ಓರಗಿತ್ತಿ ಅಲ್ಲ ಎಂದು ಹೇಳಿದ್ದನ್ನು ನಾನು ಇದುವರೆಗೆ ಕೇಳಿಲ್ಲ.

ಕೆಲಸ ಹಂಚಿಕೊಳ್ಳುವಾಗ ಅಡುಗೆ ನನ್ನ ಪಾಲಿಗೆ ಬಂತು, 'ಲುಕ್' ಅವಳ ಪಾಲಿಗೆ. ಲುಕ್ ಎಂದರೇನು ಎಂದು ನಾನು ಕೇಳಿದ್ದೆ. ಕೆಟ್ಟು ಮೂಲೆ ಸೇರಿದ್ದ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಕೆಂಪು ಬಣ್ಣ ಹೊಡೆದು ಅಂಗಳದಲ್ಲಿ ನಿಲ್ಲಿಸುವುದು ಲುಕ್. ನಮ್ಮತ್ತೆ ಒಲೆಯ ಬೂದಿ ತುಂಬಿಡುತ್ತಿದ್ದ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಸೋಫಾದ ಪಕ್ಕ ಇಡುವುದು ಲುಕ್. ಆ ಹಂಡೆಯ ಪಕ್ಕದಲ್ಲಿ ನಾನು ನೈಟಿ ಹಾಕಿಕೊಂಡು ಓಡಾಡುವುದು ಲುಕ್ ಅಲ್ಲ.

ಕಳೆದ ಡಿಸೆಂಬರಿನಲ್ಲಿ ಅವಳು ಎಲ್ಲಿಂದಲೋ ಒಂದು ಹಿತ್ತಾಳೆಯ ಉರುಳಿ ತರಿಸಿದಳು. ಇಬ್ಬರು ಮಕ್ಕಳಿಗೆ ಒಟ್ಟಿಗೆ ಸ್ನಾನ ಮಾಡಿಸುವಷ್ಟು ಅಗಲ ಬಾಯಿಯ ಪಾತ್ರೆ. ಜಗುಲಿಯ ಮೆಟ್ಟಿಲ ಪಕ್ಕ ಅದನ್ನಿಟ್ಟು, ನೀರು ತುಂಬಿ, ನೀರಿನ ಮೇಲೆ ರಂಗೋಲಿ ಹಾಕುವುದಾಗಿ ಹೇಳಿದಳು.

"ನೆಲದ ಮೇಲೆ ಹಾಕಿದ್ರೆ ಏನಾಗ್ತೈತೆ?" ಅಂದೆ.

"ನೆಲದ ಮೇಲೆ ಎಲ್ರೂ ಹಾಕ್ತಾರಲ್ಲಕ್ಕ," ಅಂದಳು, ಮೊಬೈಲಿನಲ್ಲಿ ವಿಡಿಯೋ ತೋರಿಸುತ್ತ.

ಮೊದಲ ದಿನ ಅಂಗಡಿಯ ರಂಗೋಲಿ ಪುಡಿ ಹಾಕಿದಳು. ನಾಲ್ಕು ಎಳೆ ಬಿಡುವಷ್ಟರಲ್ಲಿ ಎಲ್ಲ ತಳ ಸೇರಿತು. ವಿಡಿಯೋವನ್ನು ಎರಡನೆಯ ಸಲ, ಈ ಬಾರಿ ಸದ್ದು ಜೋರು ಮಾಡಿಕೊಂಡು ನೋಡಿದ ಮೇಲೆ ಗೊತ್ತಾಯಿತು: ನೀರಿನ ಮೇಲೆ ಮೊದಲು ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಬೇಕು, ಅದರ ಮೇಲೆ ತೆಳ್ಳಗೆ ಬಣ್ಣದ ಪುಡಿ ಬಿಡಬೇಕು. ಪೌಡರು ಬಳಪದ ಕಲ್ಲಿನಿಂದ ಮಾಡಿದ್ದು, ನೀರಿನಲ್ಲಿ ನೆನೆಯುವುದಿಲ್ಲ, ತೇಲುತ್ತದೆ. ಮಾರನೆಯ ದಿನ ಅವಳು ಮನೆಯಲ್ಲಿದ್ದ ಎರಡು ಡಬ್ಬಿಗಳಲ್ಲಿ ಒಂದನ್ನು ಉರುಳಿಗೆ ಬಗ್ಗಿಸಿದಳು. ಜಗುಲಿಯೆಲ್ಲ ಮದುಮಗಳನ್ನು ಸಿಂಗರಿಸುವ ಕೋಣೆಯ ಹಾಗೆ ಘಮಘಮ ಅನ್ನತೊಡಗಿತು. ಆದರೆ ಪೌಡರು ಹಾಲಿನ ಕೆನೆಯಂತೆ ನೀರಿನ ಮೇಲೆ ಕೂತದ್ದು ಸುಳ್ಳಲ್ಲ. ಅದರ ಮೇಲೆ ಅವಳು ಎಂಟು ದಳದ ಕಮಲ ಬಿಡಿಸಿದಳು. ಚೆನ್ನಾಗಿಯೇ ಇತ್ತು. ನಾನೂ ಒಪ್ಪಿಕೊಂಡೆ.

ಒಪ್ಪಿಕೊಂಡದ್ದೇ ತಪ್ಪಾಯಿತು. ಉರುಳಿ ಅರ್ಧ ಮೊಳ ಎಡಕ್ಕೆ ಹೋದರೆ ಬೆಳಕು ಇನ್ನೂ ಚೆನ್ನಾಗಿ ಬೀಳುತ್ತದೆಂದು ಅವಳಿಗೆ ಅನ್ನಿಸಿತು. ಇಬ್ಬರೂ ಒಂದೊಂದು ಬದಿ ಹಿಡಿದು ಎತ್ತಿದೆವು. ನೀರು ತುಳುಕಿತು. ಕಮಲ ಬೇಸಗೆಯ ಕೆರೆಯ ತಳದ ಹಾಗೆ ಬಿರುಕು ಬಿಟ್ಟು ಚೂರುಚೂರಾಯಿತು. ಚೂರುಗಳು ತೇಲಾಡಿ, ಒಂದಕ್ಕೊಂದು ತಾಗಿದವು. ತಾಗಿದವು ಮತ್ತೆ ಬಿಡಲಿಲ್ಲ. ಅವಳು ಓಡಿಹೋಗಿ ನನ್ನ ಸಾರಿನ ಸೌಟು ತಂದು ಕದಡಿ ಸಮ ಮಾಡಲು ನೋಡಿದಳು. ಕದಡಿದಷ್ಟೂ ಗಂಟು ಹೆಚ್ಚಾಯಿತು. ಬಿಳಿ, ಕೆಂಪು, ನೀಲಿ ಬೆರೆತ, ಮೆಣಸಿನ ಕಾಳಿನಷ್ಟು ದಪ್ಪದ ಉಂಡೆಗಳು.

"ಏನಕ್ಕ ಇದು, ಮುದ್ದೆ ಆಗ್ಬುಡ್ತಲ್ಲ!"

ಅಷ್ಟರಲ್ಲಿ ಅಂಗಳಕ್ಕೆ ಕಾರು ಬಂತು. ಇನ್ನೆರಡು ಗಂಟೆ ಬಿಟ್ಟು ಬರಬೇಕಿದ್ದ ಅತಿಥಿಗಳು. ಮೈಸೂರಿನ ಗಂಡ ಹೆಂಡತಿ, ಇಬ್ಬರೂ ಅರವತ್ತು ದಾಟಿದವರು, ಮೂರು ದಿನಕ್ಕೆಂದು ಬಂದವರು. ಓರಗಿತ್ತಿ ದುಪಟ್ಟಾ ಅಗಲಿಸಿ ಉರುಳಿಗೆ ಅಡ್ಡ ನಿಂತಳು. ಆದರೆ ಗಂಡನ ಕಣ್ಣು ನೇರ ಅದರ ಮೇಲೆಯೇ ಬಿತ್ತು. ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ಬಗ್ಗಿ ನೋಡಿದರು.

"ಏನಮ್ಮ ಇದು?"

"ಏನಿಲ್ಲ ಸಾರ್, ರಂಗೋಲಿ. ಹಾಳಾಗೋಯ್ತು. ಈಗ ಚೆಲ್ಬುಡ್ತೀನಿ."

"ಚೆಲ್ಲಬೇಡಿ!"

ಅವರು ಕೂಗಿದ ರಭಸಕ್ಕೆ ಅಂಗಳದ ನಾಯಿ ಎದ್ದು ಹಿತ್ತಲಿಗೆ ಹೋಯಿತು. ಕಾರಿನಿಂದ ಒಂದು ಕಾಲು ಮಾತ್ರ ಹೊರಗಿಟ್ಟಿದ್ದ ಅವರ ಹೆಂಡತಿ ಹಾಗೇ ಕೂತು ಆಕಾಶ ನೋಡಿದರು. "ಇಲ್ಲೂ ಶುರುವಾಯ್ತು," ಎಂದರು. ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ.

ಗಂಡ ಮಂಡಿಯೂರಿ ಕೂತು ಒಂದು ಉಂಡೆಯನ್ನು ಬೆರಳಲ್ಲಿ ಎತ್ತಿ ಹಿಸುಕಿ ನೋಡಿದರು. "ಇದು ಟಾಲ್ಕ್ ಅಲ್ವಾ?"

"ಅಲ್ಲ ಸಾರ್," ಎಂದಳು ನನ್ನ ಓರಗಿತ್ತಿ. "ಪೌಡರು."

ಕಾಫಿ ಕುಡಿಯಲು ಅಡುಗೆ ಮನೆಗೇ ಬಂದು ಕೂತ ಆ ಹೆಂಗಸು ನನಗೆ ವಿಷಯ ಬಿಡಿಸಿ ಹೇಳಿದರು. ಗಂಡ ಮೂವತ್ತು ವರ್ಷ ಎಲ್ಲೋ ದೂರದ ತಾಮ್ರದ ಗಣಿಯಲ್ಲಿ, ಅದಿರು ತೊಳೆಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಕಲ್ಲನ್ನು ಹಿಟ್ಟು ಮಾಡಿ, ನೀರಿಗೆ ಹಾಕಿ, ಗಾಳಿಯ ಗುಳ್ಳೆ ಬಿಟ್ಟು, ನೊರೆಯ ಜೊತೆ ತಾಮ್ರವನ್ನು ಮೇಲಕ್ಕೆ ಎತ್ತುವ ಕೆಲಸ. "ಮದುವೆ ಆದ ಹೊಸದರಲ್ಲಿ ಸೀರೆ ಉಟ್ಕೊಂಡು ರೆಡಿಯಾಗು, ಒಂದು ಕಡೆ ಹೋಗೋಣ ಅಂದ್ರು. ನಾನು ಸಿನಿಮಾಕ್ಕೆ ಅಂದ್ಕೊಂಡೆ. ಕರ್ಕೊಂಡು ಹೋಗಿ ನೊರೆ ತೋರಿಸಿದ್ರು." ರಿಟೈರ್ ಆದ ಮೇಲೆ ಮೊದಲ ಬಾರಿ ಹೀಗೆ ಹೊರಟಿದ್ದರಂತೆ. ಇಲ್ಲಿ ಕಾಫಿ ತೋಟ ಬಿಟ್ಟರೆ ಬೇರೇನೂ ಇರುವುದಿಲ್ಲ, ಪುಡಿಯ ಸುದ್ದಿ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಆಕೆಯೇ ನಮ್ಮ ಮನೆಯನ್ನು ಆರಿಸಿದ್ದರು.

ನಾನು ಅವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ.

ಮಾರನೆಯ ಬೆಳಿಗ್ಗೆ ತಿಂಡಿಗೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದಾಗ ಆಕೆಯ ಗಂಡ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಸಣ್ಣ ನೋಟ್‌ಬುಕ್ಕು. ಪ್ರಾಯಶಃ ಹೆಂಡತಿಗೆ ಗೊತ್ತಾಗದ ಹಾಗೆ ಬ್ಯಾಗಿನ ತಳದಲ್ಲಿ ಇಟ್ಟು ತಂದದ್ದು.

"ಅಮ್ಮ, ನಿಮ್ಮಲ್ಲಿ ಮಜ್ಜಿಗೆ ಕಡೆಯೋ ಮೆಷಿನ್ ಇದೆಯಾ?"

ಇತ್ತು. ನೆಟ್ಟಗೆ ನಿಲ್ಲುವ, ಕರೆಂಟಿನ ಕಡಗೋಲು. ಎರಡು ಹಸುವಿನ ಮೊಸರನ್ನು ಕಡೆಯಲು ತಂದದ್ದು. ಅತಿಥಿ ಕೇಳಿದ್ದನ್ನು ಇಲ್ಲ ಎನ್ನಬಾರದೆಂದು ಓರಗಿತ್ತಿಯ ಕಟ್ಟಪ್ಪಣೆ ಬೇರೆ. ಅವರು ಸ್ಟೀಲ್ ಪಾತ್ರೆಯೊಂದನ್ನು ತಾವೇ ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದು ಹಿತ್ತಲ ಕಟ್ಟೆಯ ಮೇಲಿಟ್ಟುಕೊಂಡರು. ಉಳಿದಿದ್ದ ಎರಡನೆಯ ಡಬ್ಬಿ ಪೌಡರನ್ನೂ ತೆಗೆದುಕೊಂಡು ಹೋದರು. ಅದು ನನ್ನದು.

ಸುಮ್ಮನೆ ನಿಲ್ಲಲಾಗದೆ ನಾನು ಕೇಳಿದೆ: "ರಾಗಿ ಹಿಟ್ಟು ಗಂಟಾಗಲ್ವಾ ಸಾರ್, ಅದೇ ಥರಾನಾ ಇದೂ?"

ಅವರ ಮುಖ ಅರಳಿತು. ಬಹುಶಃ ಅನೇಕ ವರ್ಷಗಳ ಮೇಲೆ ಯಾರೋ ಅವರನ್ನು ಪ್ರಶ್ನೆ ಕೇಳಿದ್ದರು.

"ಉಲ್ಟಾ! ರಾಗಿ ಹಿಟ್ಟಿಗೆ ನೀರು ಅಂದ್ರೆ ಪ್ರಾಣ. ಹೊರಗಿನ ಹಿಟ್ಟು ನೀರು ಕುಡಿದು ಅಂಟಾಗುತ್ತೆ, ಒಳಗಿನ ಹಿಟ್ಟು ಒಣಗೇ ಉಳ್ಕೊಳ್ಳುತ್ತೆ, ಅದಕ್ಕೆ ಗಂಟು. ಈ ಪುಡಿಗೆ ನೀರು ಕಂಡ್ರಾಗಲ್ಲ. ನಿಜ ಹೇಳ್ಬೇಕು ಅಂದ್ರೆ ನೀರಿಗೆ ಇದನ್ನ ಕಂಡ್ರಾಗಲ್ಲ. ನೀರು ನೀರನ್ನ ಹಿಡ್ಕೊಂಡಿರುತ್ತೆ, ಈ ಕಣದ ಮೈಯನ್ನ ಹಿಡ್ಕೊಳ್ಳೋದು ಅದಕ್ಕೆ ಬೇಕಿಲ್ಲ. ಎರಡು ಕಣ ಹತ್ತಿರ ಬಂದ್ರೆ ಮಧ್ಯೆ ಇರೋ ನೀರು ತಾನಾಗೇ ಹಿಂದೆ ಸರಿಯುತ್ತೆ. ಕಣ ಎರಡೂ ಅಂಟ್ಕೊಳ್ತವೆ. ನಡುವೆ ಚೂರು ಗಾಳಿ ಸಿಕ್ಕಿದ್ರೆ ಅದೇ ಗೋಂದು."

"ಹಾಗಾದ್ರೆ ಅವಕ್ಕೆ ಒಂದನ್ನ ಕಂಡ್ರೆ ಇನ್ನೊಂದಕ್ಕೆ ಪ್ರೀತಿ ಅಂತೇನಿಲ್ಲ?"

"ಪ್ರೀತಿ ಏನೂ ಇಲ್ಲಮ್ಮ. ನೀರು ತನ್ನವರನ್ನ ಬಿಟ್ಟು ಬೇರೆಯವರನ್ನ ಸೇರಿಸಲ್ಲ. ಸೇರಿಸದೇ ಇರೋವೆಲ್ಲ ಒಂದು ಕಡೆ ಸೇರ್ಕೋತವೆ, ಅಷ್ಟೇ."

ಈ ಮನೆಗೆ ನಾನು ಸೊಸೆಯಾಗಿ ಬಂದ ಮೇಲೆ ಇನ್ನೊಬ್ಬಳು ಸೊಸೆ ಬರುವ ತನಕ ಹತ್ತು ವರ್ಷ ಕಳೆದಿದ್ದವು. ಅವಳು ಬಂದ ವಾರದಲ್ಲೇ ನಾವಿಬ್ಬರೂ ಜೊತೆಯಾದದ್ದನ್ನು ಕಂಡು ಎಲ್ಲರೂ ಅಕ್ಕತಂಗಿಯರ ಹಾಗಿದ್ದಾರೆ ಎಂದು ಹೊಗಳುತ್ತಿದ್ದರು. ಅದು ನೆನಪಾಯಿತು. ಅವರಿಗೆ ಹೇಳಲಿಲ್ಲ. ಹೇಳಿದ್ದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

ಕಣ ದಪ್ಪವಿದ್ದರೆ ತಾಪತ್ರಯವಿಲ್ಲವಂತೆ. ಗುಳ್ಳೆಗೆ ಡಿಕ್ಕಿ ಹೊಡೆದು, ಅಂಟಿಕೊಂಡು ಮೇಲೆ ಬರುತ್ತದೆ. ತೀರ ಸಣ್ಣ ಕಣಕ್ಕೆ ಡಿಕ್ಕಿ ಹೊಡೆಯುವ ಕಸುವೇ ಇಲ್ಲ. ನೀರು ಹೋದತ್ತ ಅದೂ ಹೋಗುತ್ತದೆ, ಗುಳ್ಳೆಯ ಪಕ್ಕದಲ್ಲೇ ಜಾರಿಕೊಂಡು ಹೋಗುತ್ತದೆ. ಅವರ ಕಾರ್ಖಾನೆಯಲ್ಲಿ ಅಂಥ ನುಣ್ಣನೆಯ ತಾಮ್ರವೆಲ್ಲ ತೊಳೆದ ನೀರಿನ ಜೊತೆ ಹೊರಗೆ ಹರಿದುಹೋಗುತ್ತಿತ್ತು. ಗುಳ್ಳೆ ಬಿಡುವ ಮೊದಲು ಅದನ್ನು ಜೋರಾಗಿ ಕಡೆಯಬೇಕು, ಕಡೆದರೆ ಕಣಗಳು ಒಂದನ್ನೊಂದು ಹಿಡಿದುಕೊಂಡು ದಪ್ಪವಾಗುತ್ತವೆ, ಎರಡು ತೊಟ್ಟು ಎಣ್ಣೆ ಬಿಟ್ಟರೆ ಇನ್ನೂ ಗಟ್ಟಿಯಾಗುತ್ತವೆ ಎಂದು ಇವರು ಬಕೆಟ್ಟಿನಲ್ಲಿ ಮಾಡಿ ತೋರಿಸಿದ್ದರು. ದೊಡ್ಡ ಟ್ಯಾಂಕಿನಲ್ಲಿ ಮಾಡಲು ಮೇಲಿನವರು ಒಪ್ಪಲಿಲ್ಲ. ಕಡೆಯಲು ಕರೆಂಟು ಜಾಸ್ತಿ ಬೇಕು ಎಂದರು. ಇವರು ಫೈಲು ಬರೆದರು. ಫೈಲು ಪರಿಶೀಲನೆಗೆ ಹೋಯಿತು. ಇವರು ರಿಟೈರ್ ಆದರು. ಫೈಲು ಇನ್ನೂ ಪರಿಶೀಲನೆಯಲ್ಲಿದೆ.

"ಅಂದ್ರೆ ಬೆಣ್ಣೆ ಬಂದ ಹಾಗೆ," ಅಂದೆ. "ಮೊಸರಲ್ಲಿರೋ ಜಿಡ್ಡು ಕಡೆದಾಗ ಒಂದಕ್ಕೊಂದು ಹಿಡ್ಕೊಂಡು ಮೇಲೆ ಬರಲ್ವಾ?"

ಅವರು ಕಡಗೋಲು ಹಿಡಿದುಕೊಂಡು ನನ್ನನ್ನೇ ನೋಡಿದರು. "ಇದನ್ನ ಮೂವತ್ತು ವರ್ಷ ಇಂಜಿನಿಯರುಗಳಿಗೆ ಹೇಳಿದೀನಮ್ಮ. ಬೆಣ್ಣೆ ಬಂದ ಹಾಗೆ ಅಂತಾನೇ ಹೇಳಿದ್ದೆ. ಅವರ ಮನೇಲೆಲ್ಲ ಬೆಣ್ಣೆ ಪ್ಯಾಕೆಟ್ಟಲ್ಲಿ ಬರ್ತಿತ್ತು."

ಇತ್ತ ಅವರ ಹೆಂಡತಿ ಬೂಟು ಹಾಕಿಕೊಂಡು ಜಗುಲಿಯಲ್ಲಿ ಕಾದು ಕೂತಿದ್ದರು. ಸಕಲೇಶಪುರದ ಹತ್ತಿರದ ಕೋಟೆ ನೋಡಲು ಹೋಗುವುದೆಂದು ಮಾತಾಗಿತ್ತು. ಒಂಬತ್ತಾಯಿತು, ಹತ್ತಾಯಿತು. ಕೊನೆಗೆ ಆಕೆ ಹಿತ್ತಲಿಗೆ ಬಂದರು. ಗಂಡ ನೀರಿಗೆ ಪೌಡರು ಹಾಕಿದ ಬಾಟಲಿಯೊಂದನ್ನು ಕುಲುಕುತ್ತಿದ್ದರು.

"ಬರ್ತೀರೋ, ಇಲ್ವೋ?"

"ಐದು ನಿಮಿಷ ಕಣೇ."

"ಇವರ ಐದು ನಿಮಿಷದಲ್ಲಿ ನನ್ನ ಇಬ್ಬರು ಮಕ್ಕಳು ಕಾಲೇಜು ಮುಗಿಸಿದ್ರು," ಎಂದು ನನಗೆ ಹೇಳಿ, ನನ್ನ ಓರಗಿತ್ತಿಯ ಜೊತೆ ಜೀಪು ಹತ್ತಿ ಹೊರಟೇಹೋದರು. ಓರಗಿತ್ತಿಗೆ ಹೇಗೂ ಪೇಟೆಯಿಂದ ಪೌಡರು ತರಬೇಕಿತ್ತು. ಮಾರನೆಯ ದಿನ ನಿಶ್ಚಿತಾರ್ಥದ ಫೋಟೋ ತೆಗೆಸಿಕೊಳ್ಳಲು ಬೆಂಗಳೂರಿನ ಒಂದು ಕುಟುಂಬ ಬರುವುದಿತ್ತು. ಅವರಿಗೆ ಕಮಲ ಆಗಲೇಬೇಕಿತ್ತು.

ಬೆಳಗಿನಿಂದ ಹಿತ್ತಲಲ್ಲಿ ಕಡಗೋಲಿನ ಸದ್ದು ನಿಲ್ಲಲಿಲ್ಲ. ಮೆಲ್ಲಗೆ ಕಡೆದರೆ ಏನೂ ಆಗುತ್ತಿರಲಿಲ್ಲ. ಜೋರಾಗಿ ಕಡೆದರೆ ಪುಡಿ ಒಡೆದ ಹಾಲಿನ ಹಾಗೆ ತುಣುಕು ತುಣುಕಾಗುತ್ತಿತ್ತು. ತೀರ ಜೋರಾದರೆ ಆದ ತುಣುಕುಗಳೂ ಒಡೆದುಹೋಗುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಅವರು ನನ್ನ ಹತ್ತಿರ ಕೊಬ್ಬರಿ ಎಣ್ಣೆ ಇಸಿದುಕೊಂಡು ಎರಡು ತೊಟ್ಟು ಬಿಟ್ಟರು. ನಾನು ಸಾರಿಗೆ ಒಗ್ಗರಣೆ ಕೊಡುತ್ತಿದ್ದೆ. ಹಿತ್ತಲಿನಿಂದ ಕೂಗು ಕೇಳಿ ಬೆರಳು ಸಿಕ್ಕಿಸಿಕೊಂಡರೇನೋ ಎಂದು ಓಡಿದೆ.

ಪಾತ್ರೆಯಲ್ಲಿ ನೀರು ತಿಳಿಯಾಗಿತ್ತು. ಮೇಲೆ ಸಾಬಕ್ಕಿಯಂತೆ ದುಂಡಗಿನ ಬಿಳಿ ಕಾಳುಗಳು ತೇಲುತ್ತಿದ್ದವು. ಹಾಲಿನಂತಿದ್ದ ನೀರಿನಲ್ಲಿ ಒಂದು ಕಣವೂ ಉಳಿಯದೆ ಎಲ್ಲ ಆ ಕಾಳುಗಳಲ್ಲಿ ಸೇರಿಕೊಂಡಿತ್ತು. ನಾನು ಜೀವನದಲ್ಲಿ ಸಾಕಷ್ಟು ಬೆಣ್ಣೆ ನೋಡಿದ್ದೇನೆ. ಇಷ್ಟು ಚೊಕ್ಕವಾಗಿ ಬಂದದ್ದನ್ನು ನೋಡಿಲ್ಲ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕಾಳುಗಳನ್ನೆಲ್ಲ ನನ್ನ ಟೀ ಸೋಸುವ ಜಾಲರಿಯಲ್ಲಿ ಬಸಿದು ಸ್ಟೀಲ್ ಬಟ್ಟಲಿಗೆ ಹಾಕಿದರು. ಒದ್ದೆ ಕಾಳುಗಳು ಅಲ್ಲಿ ಒಂದಕ್ಕೊಂದು ಕೂತು ಒಂದೇ ಮುದ್ದೆಯಾದವು.

"ಅವಳು ಬರೋ ತನಕ ಇದನ್ನ ಇಟ್ಟಿರಿ. ಅವಳು ಇದನ್ನ ಒಂದ್ಸಲನೂ ನೋಡಿಲ್ಲ. ಕಾರ್ಖಾನೇಲಿ ನೊರೆ ಮಾತ್ರ ತೋರಿಸೋಕಾಗಿತ್ತು."

ನಾನು ಬಟ್ಟಲನ್ನು ಅಡುಗೆ ಕಟ್ಟೆಯ ಮೇಲಿಟ್ಟು ತಟ್ಟೆ ಮುಚ್ಚಿದೆ. ಅವರು ಕೈಕಾಲು ತೊಳೆದು ಬರಲು ಕೋಣೆಗೆ ಹೋದರು. ನಾನು ಹಸುವಿಗೆ ಕಲಗಚ್ಚು ಹಾಕಿ ಬರಲು ಕೊಟ್ಟಿಗೆಗೆ ಹೋದೆ.

ಡಿಸೆಂಬರಿನಲ್ಲಿ ನಮ್ಮ ಮನೆಯ ಗಂಡಸರು ಕಾಫಿ ಹಣ್ಣಿನ ಹಿಂದೆ ಇರುತ್ತಾರೆ. ಬೆಳಿಗ್ಗೆ ತೋಟಕ್ಕೆ ಹೋದವರು ಹಸಿವು ತಡೆಯಲಾರದಾದಾಗ ಮನೆಗೆ ಬರುತ್ತಾರೆ, ಬಂದವರು ಯಾರನ್ನೂ ಕೇಳುವುದಿಲ್ಲ. ನಾನು ಒಳಗೆ ಬಂದಾಗ ನನ್ನ ಯಜಮಾನರು ಬೆಳಗಿನ ರೊಟ್ಟಿಯನ್ನು ಮಡಿಚಿ ಹಿಡಿದು, ಎರಡನೆಯ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು, ಅಗಿಯಲೋ ಉಗಿಯಲೋ ತಿಳಿಯದೆ ನಿಂತಿದ್ದರು.

"ಏನೇ ಇದು, ಬೆಣ್ಣೆ ಪೌಡರ್ ವಾಸ್ನೆ ಹೊಡಿತೈತೆ!"

"ಬೆಣ್ಣೆ ಅಲ್ಲ ಕಣ್ರೀ ಅದು, ಪೌಡರೇ!"

ಅವರು ಹಿತ್ತಲಿಗೆ ಓಡಿ ನಾಲ್ಕು ಸಲ ಬಾಯಿ ಮುಕ್ಕಳಿಸಿದರು. ಬಟ್ಟಲಿನಲ್ಲಿ ಒಂದು ಚಮಚದಷ್ಟು ಉಳಿದಿತ್ತು, ಅದರ ಮೇಲೆ ಬೆರಳಿನಿಂದ ಬಳಿದ ಗುರುತು. ಆ ಹೊತ್ತಿಗೆ ಸರಿಯಾಗಿ ಅತಿಥಿ ತಲೆ ಬಾಚಿಕೊಂಡು ಒಳಗೆ ಬಂದರು. ನಾನು ಬಟ್ಟಲನ್ನು ಮುಂದೆ ಹಿಡಿದು, ಆದದ್ದನ್ನು ಆದ ಹಾಗೆ ಹೇಳಿದೆ. ಬೈಸಿಕೊಳ್ಳಲು ತಯಾರಾಗಿಯೇ ನಿಂತಿದ್ದೆ. ಅವರು ನನ್ನ ಯಜಮಾನರ ಕಡೆ ತಿರುಗಿದರು.

"ಸಾರ್, ಒಂದು ನಿಮಿಷ. ರೊಟ್ಟಿ ಮೇಲೆ ಸವರುವಾಗ ಅದು ಜಾರ್ತಾ, ಇಲ್ಲಾ ಉದುರುದುರಾಗಿ ಹೋಯ್ತಾ?"

ಯಜಮಾನರು ಬಾಯಿ ಒರೆಸಿಕೊಂಡು ಯೋಚಿಸಿದರು. "ಮೊದ್ಲು ಉದುರುದುರು ಇತ್ತು ಸಾರ್. ಆಮೇಲೆ ಜಾರ್ತು."

"ಹಾಗಾದ್ರೆ ಎಣ್ಣೆ ಒಂದು ತೊಟ್ಟು ಜಾಸ್ತಿಯಾಗಿದೆ," ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಸಂಜೆ ನಾಲ್ಕರ ಸುಮಾರಿಗೆ ಜೀಪು ಬಂತು. ಇಬ್ಬರು ಹೆಂಗಸರೂ ಬಿಸಿಲಿಗೆ ಮುಖ ಕೆಂಪಾಗಿ, ನಗುತ್ತ ಇಳಿದರು. ಕೋಟೆಯ ಮೆಟ್ಟಿಲೆಲ್ಲ ಹತ್ತಿದ್ದರು. ಮೇಲೆ ನಿಂತು ಚುರುಮುರಿ ತಿಂದಿದ್ದರು. ಆಕೆಗೆ ಮಂಡಿ ನೋವು ಇದೆಯೆಂದು ಗಂಡ ಹಿಂದಿನ ದಿನ ನನಗೆ ಹೇಳಿದ್ದರು. ನೋಡಿದರೆ ಹಾಗೇನೂ ಕಾಣಲಿಲ್ಲ. ಗಂಡ ಬಟ್ಟಲು ಹಿಡಿದುಕೊಂಡು ಜಗುಲಿಯ ಮೇಲೆ ಕಾಯುತ್ತಿದ್ದರು.

ಆಕೆ ಬಗ್ಗಿ ನೋಡಿದರು. "ಇಷ್ಟಾ?"

"ಜಾಸ್ತಿ ಇತ್ತು. ಇವರ ಮನೆಯವರು ತಿಂದುಬಿಟ್ರು."

ಆಕೆ ನನ್ನ ಮುಖ ನೋಡಿದರು. ನಾನು ಹೌದು ಎಂದು ತಲೆಯಾಡಿಸಿದೆ. ಆಕೆ ಚೂರನ್ನು ಬೆರಳಲ್ಲಿ ತೆಗೆದು ಉಜ್ಜಿದರು, ಮೂಸಿ ನೋಡಿದರು. ನಗುತ್ತಾರೆ ಎಂದುಕೊಂಡೆ. ನಗಲಿಲ್ಲ.

"ಇದಕ್ಕಾ ನೀವು ಹಬ್ಬ ಹುಣ್ಣಿಮೆ ಅನ್ನದೆ ಅಲ್ಲಿ ಹೋಗಿ ನಿಂತ್ಕೋತಿದ್ದದ್ದು?"

"ಇದು ಆಗ್ಲಿ ಅಂತ."

"ಆಯ್ತಾ?"

"ಅಲ್ಲಿ ಇಷ್ಟು ಚೊಕ್ಕವಾಗಿ ಆಗ್ಲಿಲ್ಲ. ಇವತ್ತು ಆಯ್ತು."

ಆಮೇಲೆ ಆಕೆ ಬೂಟು ಬಿಚ್ಚಿ, ಹಿತ್ತಲಿಗೆ ಹೋಗಿ, ಕಟ್ಟೆಯ ಮುಂದೆ ಮಣೆ ಎಳೆದುಕೊಂಡು ಕೂತರು. "ಇನ್ನೊಂದ್ಸಲ ಮಾಡಿ. ನೋಡ್ತೀನಿ," ಎಂದರು. ಅಂಗಡಿಯಿಂದ ತಂದ ಹೊಸ ಪೌಡರನ್ನು ಓರಗಿತ್ತಿ ತಾನಾಗಿಯೇ ತಂದುಕೊಟ್ಟಳು. ಪಾತ್ರೆಯನ್ನು ಆಗಲೇ ನಾನು ಫಳಫಳ ಹೊಳೆಯುವ ಹಾಗೆ ತಿಕ್ಕಿ ತೊಳೆದಿಟ್ಟಿದ್ದೆ. ಅವರು ನೀರು ಹಾಕಿ, ಪೌಡರು ಹಾಕಿ, ಕಡಗೋಲು ಬಿಟ್ಟರು. ಅಳೆದು ಒಂದೇ ತೊಟ್ಟು ಎಣ್ಣೆ ಬಿಟ್ಟರು.

ನೀರು ಹಾಲಿನ ಹಾಗಾಯಿತು. ಹಾಲಿನ ಹಾಗೇ ಉಳಿಯಿತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಒಂದು ಕಾಳೂ ಬರಲಿಲ್ಲ. ಆಕೆ ಪಾತ್ರೆಯೊಳಗೆ ಕಣ್ಣಿಟ್ಟು ಕೂತೇ ಇದ್ದರು. ಅವರು ಕಡಗೋಲು ನಿಲ್ಲಿಸಿ ನನ್ನ ಕಡೆ ನೋಡಿದರು.

"ಪಾತ್ರೆ ಯಾವುದರಲ್ಲಿ ತೊಳೆದ್ರಿ ಅಮ್ಮ?"

"ಪಾತ್ರೆ ಸೋಪಲ್ಲಿ. ಚೆನ್ನಾಗೇ ತೊಳ್ದೆ ಸಾರ್!"

"ಅದೇ. ಸೋಪು ಪುಡಿಗೂ ನೀರಿಗೂ ರಾಜಿ ಮಾಡಿಸಿಬಿಡುತ್ತೆ. ಒಂದು ತೊಟ್ಟು ಸೋಪಿದ್ರೆ ಸಾಕು, ಗಂಟೇ ಆಗಲ್ಲ."

ಮತ್ತೆ ಮಾಡೋಣವೆಂದರೆ ಕರೆಂಟು ಹೋಯಿತು. ಆಕೆ ಎದ್ದು ಸೀರೆ ಕೊಡವಿಕೊಂಡು, "ಹೋಗ್ಲಿ ಬಿಡಿ," ಎಂದರು. ಬೇಸರದಿಂದ ಹೇಳಿದ ಮಾತಲ್ಲ ಅದು. ಅದಕ್ಕೇ ಗಂಡನಿಗೆ ಹೆಚ್ಚು ಬೇಸರವಾಯಿತೆಂದು ಕಾಣುತ್ತದೆ. ಬೈದಿದ್ದರೆ ಅಭ್ಯಾಸವಿತ್ತು.

ಆದರೆ ಅಲ್ಲಿ ಸೋಪಿನ ಮಾತನ್ನು ಗಮನವಿಟ್ಟು ಕೇಳಿಸಿಕೊಂಡವಳು ಇನ್ನೊಬ್ಬಳಿದ್ದಳು. ಮಾರನೆಯ ಬೆಳಿಗ್ಗೆ ನನ್ನ ಓರಗಿತ್ತಿ ಉಸಿರು ಬಿಗಿಹಿಡಿದು ಉರುಳಿಯಲ್ಲಿ ಕಮಲ ಬಿಡಿಸಿದಳು. ಎಂಟಲ್ಲ, ಹದಿನಾರು ದಳ. ನಡುವೆ ಹಳದಿ. ಬೆಂಗಳೂರಿನವರ ಗಾಡಿ ಹೆದ್ದಾರಿ ಬಿಟ್ಟಿತೆಂದು ಫೋನು ಬಂದಾಗ ಅವಳಿಗೆ ಒಂದೇ ಚಿಂತೆ: ಅವರು ಬರುವಷ್ಟರಲ್ಲಿ ಗಾಳಿ ಬೀಸಿ, ನೀರು ಅಲ್ಲಾಡಿ, ಗಂಟಾಗಿಬಿಟ್ಟರೆ? ಅಡುಗೆ ಮನೆಗೆ ಬಂದು, ಪಾತ್ರೆ ತೊಳೆಯುವ ಸೋಪಿನ ಬಾಟಲಿ ತೆಗೆದುಕೊಂಡು ಹೋಗಿ, ಕಮಲದ ನಟ್ಟನಡುವೆ ಒಂದು ತೊಟ್ಟು ಬಿಟ್ಟಳು.

"ಅಕ್ಕೋ! ಎಲ್ಲಾ ಓಡೋಯ್ತು!"

ನಿಜವಾಗಿಯೂ ಓಡಿತ್ತು. ನಡುವೆ ಒಂದು ಕಿಂಡಿ ತೆರೆದುಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಹದಿನಾರೂ ದಳ ಉರುಳಿಯ ಅಂಚಿಗೆ ಹೋಗಿ ಒತ್ತಿಕೊಂಡಿದ್ದವು. ಅವಳು ಗಾಬರಿಯಿಂದ ಕೈ ಹಾಕಿ ಹಿಂದಕ್ಕೆ ಎಳೆಯಲು ನೋಡಿದಳು. ಬಣ್ಣವೆಲ್ಲ ತಳ ಸೇರಿತು. ಪೌಡರು ಮೇಲೂ ನಿಲ್ಲದೆ, ತಳಕ್ಕೂ ಹೋಗದೆ, ನೀರಿನ ತುಂಬ ಬೆರೆತುಹೋಯಿತು. ಮೈಸೂರಿನ ಅತಿಥಿ ಕಾಫಿ ಲೋಟ ಹಿಡಿದುಕೊಂಡು ಹಿಂದೆ ಬಂದು ನಿಂತರು.

"ಸೋಪು ಹಾಕಿದ್ರಾ?"

"ನೀವೇ ಹೇಳಿದ್ರಲ್ಲ ಸಾರ್, ಸೋಪಿದ್ರೆ ಗಂಟಾಗಲ್ಲ ಅಂತ!"

ಅವರು ಬಗ್ಗಿ ನೋಡಿದರು. "ಗಂಟಾಗಿಲ್ಲವಲ್ಲಮ್ಮ," ಎಂದರು, ತಮ್ಮ ಪೂರ್ತಿ ಸೌಜನ್ಯದಿಂದ.

ಅವರ ಹೆಂಡತಿ ಅಷ್ಟು ಜೋರಾಗಿ ನಕ್ಕದ್ದನ್ನು ನಾವು ಆ ಮೂರು ದಿನದಲ್ಲಿ ಕೇಳಿದ್ದು ಅದೊಂದೇ ಸಲ. ನಗುತ್ತಲೇ ಆಕೆ ಅಂಗಳಕ್ಕಿಳಿದು ಕೈತುಂಬ ಕೆಂಪು ದಾಸವಾಳ ಕಿತ್ತು ತಂದು ಉರುಳಿಗೆ ಹಾಕಿದರು. ಬೆಳ್ಳನೆಯ ನೀರು, ಕೆಂಪು ಹೂವು. ಬೆಂಗಳೂರಿನವರು ಗಾಡಿಯಿಂದ ಇಳಿದವರೇ ಅದರ ಸುತ್ತ ನೆರೆದರು. "ಹಾಲಾ ಇದು?" ಎಂದು ಮದುಮಗಳಾಗಲಿರುವ ಹುಡುಗಿ ಕೇಳಿದಳು. ನನ್ನ ಓರಗಿತ್ತಿ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಜಲಪಾತದ ವಿಷಯಕ್ಕೆ ನಗುವ ನಗುವನ್ನೇ ನಕ್ಕಳು. ಅವತ್ತು ಮಧ್ಯಾಹ್ನದವರೆಗೆ ಅವರು ಕಾಫಿ ತೋಟಕ್ಕೆ ಬೆನ್ನು ಹಾಕಿ ಉರುಳಿಯ ಮುಂದೆ ಫೋಟೋ ತೆಗೆಸಿಕೊಂಡರು.

ಅವರ ಪೈಕಿ ಒಬ್ಬರು ಆಮೇಲೆ ನಮ್ಮ ಮನೆಯ ಬಗ್ಗೆ ಆನ್‌ಲೈನಿನಲ್ಲಿ ಬರೆದರು: ಊಟ ಚೆನ್ನಾಗಿದೆ, ಜನ ಒಳ್ಳೆಯವರು, ಆದರೆ ಅಲಂಕಾರಕ್ಕೆಂದು ಅಷ್ಟೊಂದು ಹಾಲನ್ನು ದಂಡ ಮಾಡುವುದು ಸರಿಯಲ್ಲ. ಒಂದು ಸ್ಟಾರ್ ಕಡಿಮೆ. ಓರಗಿತ್ತಿ ಎರಡು ದಿನ ಯೋಚಿಸಿ ಉತ್ತರ ಬರೆದಳು: ತಮ್ಮ ಕಾಳಜಿಗೆ ಧನ್ಯವಾದ, ಹಾಲನ್ನು ನಂತರ ಕರುಗಳಿಗೆ ಕುಡಿಸಲಾಗುತ್ತದೆ. ಒಂದು ಸ್ಟಾರಿಗಾಗಿ ನಮ್ಮ ಕರುಗಳನ್ನು ಹೀಗೆ ಎಳೆದು ತರಬೇಕಿತ್ತೇ ಎಂದು ನಾನು ಕೇಳಲಿಲ್ಲ.

ಮೈಸೂರಿನವರು ಅದೇ ದಿನ ಊಟ ಮಾಡಿ ಹೊರಟಿದ್ದರು. ಕಾರಿನಲ್ಲಿ ಕೂತ ಮೇಲೂ ಗಂಡ ಕಿಟಕಿಯಿಂದ ತಲೆ ಹೊರಹಾಕಿ, ನನ್ನ ಕಡಗೋಲು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ಕೇಳಿದರು. ಗೊತ್ತಿಲ್ಲ ಎಂದೆ. ಹೆಂಡತಿ ಕಿಟಕಿ ಏರಿಸಿದರು.

ಒಂದು ತಿಂಗಳ ಮೇಲೆ ಆಕೆಯ ಫೋನು ಬಂತು. ಎರಡು ದಿನಕ್ಕೆ ಕೋಣೆ ಇದೆಯಾ, ಒಬ್ಬಳೇ ಬರುತ್ತೇನೆ ಎಂದರು. ಗಂಡ ನಮ್ಮದೇ ತರಹದ ಕಡಗೋಲು ಕೊಂಡು ತಂದಿದ್ದಾರಂತೆ, ಅದನ್ನು ಊಟದ ಮೇಜಿನ ಮೇಲೇ ಇಟ್ಟುಕೊಂಡಿದ್ದಾರಂತೆ. ಮನೆಯೆಲ್ಲ ಪೌಡರು. ಅಲ್ಲಿಯ ನೀರಿನಲ್ಲಿ ಯಾಕೋ ಕಾಳು ಆಗುತ್ತಿಲ್ಲ. ಕುದಿಸಿದ ನೀರು, ಬಾವಿ ನೀರು, ಹಿಡಿದಿಟ್ಟ ಮಳೆ ನೀರು ಎಲ್ಲ ಆಗಿವೆ. "ನಾನು ಅಲ್ಲಿದ್ರೆ ಹುಚ್ಚು ಹಿಡಿಯುತ್ತೆ," ಎಂದರು.

ಬಂದರು. ಮೊದಲ ದಿನ ಹೊಟ್ಟೆ ತುಂಬ ತಿಂದು, ಜಗುಲಿಯ ಮೇಲೆ ಕಾಲು ಚಾಚಿ ಕೂತು, ನನ್ನ ಓರಗಿತ್ತಿಯ ಜೊತೆ ಹರಟೆ ಹೊಡೆದರು. ಎಲ್ಲಿಗೂ ಹೋಗುವುದಿಲ್ಲ, ಯಾರ ಫೋನೂ ತೆಗೆಯುವುದಿಲ್ಲ ಎಂದರು. ಸಂಜೆ ಫೋನು ಬಂದಾಗ ಎರಡನೆಯ ರಿಂಗಿಗೇ ತೆಗೆದರು.

"ಹ್ಞೂಂ... ಯಾವ ನೀರಲ್ಲಿ? ... ಹಾಗಾದ್ರೆ ಅದನ್ನೂ ನೀವೊಬ್ರೇ ನೋಡಿದ್ರಿ!"

ಆ ಮಾತಿನಲ್ಲಿದ್ದ ಸಿಟ್ಟು ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಆಕೆ ಇಲ್ಲದಾಗ ಮೈಸೂರಿನಲ್ಲಿ ಕಾಳು ಬಂದಿತ್ತು. ಆಕೆ ಫೋನಿಟ್ಟು, ಮೈಸೂರಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಸ್ಸು ಎಂದು ಕೇಳಿದರು. ಇನ್ನೊಂದು ದಿನ ಇರುವುದಿತ್ತಲ್ಲ ಎಂದೆ.

"ಮತ್ತೆ ಮಾಡ್ತಾರಂತೆ. ನಾನು ಬರೋ ತನಕ ಕಡಗೋಲು ಮುಟ್ಟಲ್ಲ ಅಂತಾರೆ. ಇವರನ್ನ ನಂಬೋಕಾಗುತ್ತಾ?"

ಬೆಳಿಗ್ಗೆ ಜೀಪಿನಲ್ಲಿ ಹೆದ್ದಾರಿಯವರೆಗೆ ನಾನೇ ಕರೆದುಕೊಂಡು ಹೋದೆ. ಬಸ್ಸು ತಡವಾಗಿತ್ತು. ಆಕೆ ಅಷ್ಟು ಹೊತ್ತೂ ಗೊಣಗುತ್ತಲೇ ಇದ್ದರು: ಮೂವತ್ತು ವರ್ಷ ಸಾಲದೆ ಈಗ ಮನೆಯಲ್ಲೂ ಶುರು, ಊಟದ ಮೇಜು ಹಾಳು, ಇರುವ ಎರಡು ದಿನ ನೆಮ್ಮದಿಯಾಗಿ ಕೂರಲಾಗಲಿಲ್ಲ. ಹೀಗೆ ಹೇಳುತ್ತಲೇ ನಾಲ್ಕು ಸಲ ರಸ್ತೆಯ ತಿರುವಿನ ಕಡೆ ನೋಡಿದರು. ಬಸ್ಸು ಬಂದದ್ದೇ, ನನಗೆ ಹೋಗಿಬರುತ್ತೇನೆ ಎನ್ನುವುದನ್ನೂ ಮರೆತು, ಮಂಡಿ ನೋವೆಂಬುದೇ ಇಲ್ಲದವರ ಹಾಗೆ ಸರಸರನೆ ಹತ್ತಿ ಮುಂದಿನ ಸೀಟು ಹಿಡಿದರು.